ಮೌನದ ಪಂಕ್ತಿಯಲ್ಲಿ ಹಳೆಯ ದ್ರಾಕ್ಷಾರಸ: ಐಸಾಕ್ ಡಿನೆಸನ್ ಕಥೆಯ ಒಂದು ಜಾನಪದೀಯ ಓದು

ಔತಣವನ್ನು ಕೇಂದ್ರವಾಗಿರಿಸಿಕೊಂಡ ಆಧುನಿಕ ಕಥೆಗಳಲ್ಲಿ ಡೆನ್ಮಾರ್ಕಿನ ಲೇಖಕಿ ಕರೆನ್ ಬ್ಲಿಕ್ಸನ್ (1885–1962) ‘ಐಸಾಕ್ ಡಿನೆಸನ್’ ಎಂಬ ಕಾವ್ಯನಾಮದಲ್ಲಿ ಬರೆದ ‘ಬ್ಯಾಬೆಟ್ಸ್ ಫೀಸ್ಟ್’ ಕಥೆಗೆ ವಿಶಿಷ್ಟ ಸ್ಥಾನವಿದೆ. 1950ರಲ್ಲಿ ಅಮೆರಿಕದ ಮಹಿಳಾ ಪತ್ರಿಕೆಯೊಂದರಲ್ಲಿ ಪ್ರಕಟವಾಗಿ, 1958ರಲ್ಲಿ ‘ಅನೆಕ್ಡೋಟ್ಸ್ ಆಫ್ ಡೆಸ್ಟಿನಿ’ ಸಂಕಲನವನ್ನು ಸೇರಿದ ಈ ಕಥೆ, ಗೇಬ್ರಿಯಲ್ ಆಕ್ಸೆಲ್ ಅವರ 1987ರ ಚಲನಚಿತ್ರದಿಂದಾಗಿ ಹೊರ ಜಗತ್ತಿಗೆ ಹೆಚ್ಚು ಪರಿಚಿತವಾಯಿತು. ಕಥೆಯನ್ನು ದೈವಕೃಪೆಯ ರೂಪಕವಾಗಿ ಓದುವುದು ವಾಡಿಕೆ. ಹನ್ನೆರಡು ಮಂದಿಯ ಪಂಕ್ತಿ ಕ್ರಿಸ್ತನ ಕೊನೆಯ ಭೋಜನವಾಗುತ್ತದೆ, ದ್ರಾಕ್ಷಾರಸ ತೀರ್ಥವಾಗುತ್ತದೆ. ಈ ಓದು ತಪ್ಪೆನ್ನಲಾಗದು. ಆದರೆ ಅದು ಊಟದ ಕೋಣೆಯಲ್ಲಿ ಕುಳಿತು ಮಾಡಿದ ಓದು. ಅಡುಗೆಮನೆಯ ಕಡೆಗೆ ಅದು ತಿರುಗಿ ನೋಡಿದ್ದು ಕಡಿಮೆ.

ಕಥೆಯ ಹಂದರ ಜನಪದ ಕಥೆಯದೇ. ನಾರ್ವೆಯ ಬೆರ್ಲೆವಾಗ್ ಎಂಬ ಕಡಲಂಚಿನ ಊರಿನಲ್ಲಿ (ಚಿತ್ರದಲ್ಲಿ ಇದು ಡೆನ್ಮಾರ್ಕಿನ ಜಟ್‌ಲ್ಯಾಂಡ್ ಆಗಿದೆ) ಮಾರ್ಟಿನ್, ಫಿಲಿಪಾ ಎಂಬ ಅವಿವಾಹಿತ ಅಕ್ಕತಂಗಿಯರು ತೀರಿಹೋದ ತಂದೆ ಕಟ್ಟಿದ ಕಟ್ಟುನಿಟ್ಟಿನ ಲೂಥರನ್ ಪಂಗಡವನ್ನು ನಡೆಸಿಕೊಂಡು ಬರುತ್ತಿದ್ದಾರೆ. 1871ರಲ್ಲಿ, ಪ್ಯಾರಿಸ್ ಕಮ್ಯೂನ್ ಬಂಡಾಯ ಅಡಗಿದ ಬಳಿಕ, ಗಂಡ ಮತ್ತು ಮಗನನ್ನು ಕಳೆದುಕೊಂಡ ಬ್ಯಾಬೆಟ್ ಅವರ ಬಾಗಿಲಿಗೆ ಬರುತ್ತಾಳೆ. ಹನ್ನೆರಡು ವರ್ಷ ಒಣಮೀನು, ರೊಟ್ಟಿಯ ಗಂಜಿ ಬೇಯಿಸುತ್ತಾಳೆ. ಲಾಟರಿಯಲ್ಲಿ ಹತ್ತು ಸಾವಿರ ಫ್ರಾಂಕ್ ಬಂದಾಗ, ಗುರುವಿನ ನೂರನೆಯ ಹುಟ್ಟುಹಬ್ಬಕ್ಕೆ, ಅಂದರೆ 1883ರ ಡಿಸೆಂಬರ್ 15ರಂದು, ಫ್ರೆಂಚ್ ಔತಣವೊಂದನ್ನು ತಾನೇ ಬಡಿಸಲು ಅನುಮತಿ ಬೇಡುತ್ತಾಳೆ. ದಾಸಿಯ ವೇಷದಲ್ಲಿರುವ ರಾಣಿ ಎಂಬ ಆಶಯ ಇಲ್ಲಿ ಸ್ಪಷ್ಟ.

ಆ ರಾತ್ರಿ ಬಂದ ಸೀಸೆಗಳನ್ನು ಬಿಡಿಬಿಡಿಯಾಗಿ ಗಮನಿಸಬೇಕು. ಮೊದಲನೆಯದು ಅಮೋಂಟಿಯಾಡೊ. ಇದು ಸ್ಪೇನಿನ ಶೆರಿ. ಸಾಲು ಪೀಪಾಯಿಗಳಲ್ಲಿ ಹಳೆಯದಕ್ಕೆ ಹೊಸದನ್ನು ಬೆರೆಸುತ್ತ ಮಾಗಿಸುವುದರಿಂದ ಸಾಮಾನ್ಯವಾಗಿ ಇದಕ್ಕೆ ಒಂದೇ ಒಂದು ವರ್ಷವೆಂಬುದಿಲ್ಲ, ಕಥೆಯೂ ಹೇಳುವುದಿಲ್ಲ. ಎರಡನೆಯದು 1860ರ ವವ್ ಕ್ಲಿಕೊ ಶಾಂಪೇನ್. ‘ವವ್’ ಎಂದರೆ ಫ್ರೆಂಚಿನಲ್ಲಿ ವಿಧವೆ. 1805ರಲ್ಲಿ ಗಂಡನನ್ನು ಕಳೆದುಕೊಂಡು ವ್ಯಾಪಾರವನ್ನು ತಾನೇ ಕೈಗೆತ್ತಿಕೊಂಡ ಬಾರ್ಬ್ ನಿಕೋಲ್ ಕ್ಲಿಕೊ 1866ರವರೆಗೆ ಬದುಕಿದ್ದಳು. ವಿಧವೆಯೊಬ್ಬಳ ಹೆಸರಿನ ಸೀಸೆಯನ್ನು ಇನ್ನೊಬ್ಬ ವಿಧವೆ ಮೇಜಿಗೆ ಕಳಿಸುತ್ತಾಳೆ. ಮೂರನೆಯದು 1846ರ ಕ್ಲೊ ವೂಜೊ, ಬರ್ಗಂಡಿಯ ಕೆಂಪು ದ್ರಾಕ್ಷಾರಸ. ಸುಮಾರು ಐವತ್ತು ಹೆಕ್ಟೇರಿನ ಆ ಗೋಡೆಯೊಳಗಿನ ತೋಟ ಹನ್ನೆರಡನೆಯ ಶತಮಾನದಲ್ಲಿ ಸಿಸ್ಟರ್ಶಿಯನ್ ಸಂನ್ಯಾಸಿಗಳು ಬೆಳೆಸಿದ್ದು. ಫ್ರೆಂಚ್ ಮಹಾಕ್ರಾಂತಿಯ ಕಾಲದಲ್ಲಿ ಅವರ ಕೈತಪ್ಪಿತು. ನಾಲಗೆಯ ಸುಖವನ್ನು ಪಾಪವೆಂದು ನಂಬಿದ ಲೂಥರನ್ ವೃದ್ಧರ ಮನೆಗೆ ಕ್ಯಾಥೊಲಿಕ್ ಸಂನ್ಯಾಸಿಗಳ ತೋಟದ ರಸ! ಮೂವತ್ತೇಳು ವರ್ಷ ಹಳೆಯದಾದ ಈ ಸೀಸೆ ತುಂಬಿದಾಗ ಫ್ರಾನ್ಸಿನಲ್ಲಿ ಲೂಯಿ ಫಿಲಿಪ್ ದೊರೆಯಾಗಿದ್ದ. ಶಾಂಪೇನ್ ತಯಾರಾದಾಗ ಮೂರನೆಯ ನೆಪೋಲಿಯನ್ ಚಕ್ರವರ್ತಿ. 1883ಕ್ಕೆ ಇಬ್ಬರ ಆಳ್ವಿಕೆಯೂ ಅಳಿದಿತ್ತು. ಬ್ಯಾಬೆಟ್ ತರಿಸಿದ್ದು ಕೇವಲ ಪಾನೀಯವಲ್ಲ, ತಾನು ಕಳೆದುಕೊಂಡ ನಗರದ ವರ್ಷಗಳು.

ಅಡುಗೆಮನೆಯಲ್ಲಿ ಸೀಸೆಗಳನ್ನು ಕಂಡು ಬೆದರಿದ ಮಾರ್ಟಿನ್ ‘ವೈನ್’ ಎಂಬ ಪದ ಆಡಿದಾಗ ಬ್ಯಾಬೆಟ್ ಅದನ್ನು ತಿದ್ದಿ ತೋಟದ ಹೆಸರು, ವರ್ಷ, ಅಂಗಡಿಯ ವಿಳಾಸ ಹೇಳುತ್ತಾಳೆ. ದ್ರಾಕ್ಷಾರಸಕ್ಕೆ ಹೆಸರಿರುತ್ತದೆಂಬುದೇ ಮಾರ್ಟಿನ್‌ಗೆ ಹೊಸದು. ಮುಂದೆ ಆಕೆಯ ಭಯವನ್ನು ಕೇಳಿದ ಪಂಗಡದ ವೃದ್ಧರು, ಅಂದು ಏನನ್ನು ಉಂಡರೂ ಕುಡಿದರೂ ಅದರ ಬಗ್ಗೆ ತುಟಿ ಬಿಚ್ಚುವುದಿಲ್ಲವೆಂದು ಆಣೆ ಮಾಡುತ್ತಾರೆ. ಈ ಪ್ರತಿಜ್ಞೆಯೇ ಕಥೆಯ ಯಂತ್ರ. ಶಾಂಪೇನನ್ನು ಅವರು ಒಂದು ಬಗೆಯ ನಿಂಬೆ ಪಾನಕವೆಂದು ತಿಳಿಯುತ್ತಾರೆ. ದಶಕಗಳಿಂದ ಮನಸ್ಸಿನ ನೆಲಮಾಳಿಗೆಯಲ್ಲಿಟ್ಟು ಕಾಪಾಡಿದ ಜಗಳಗಳು (ಚಾಡಿ, ವ್ಯವಹಾರದ ವಂಚನೆ, ಮುಚ್ಚಿಟ್ಟ ಹಳೆಯ ಪ್ರಣಯ) ಆ ರಾತ್ರಿ ಹದಕ್ಕೆ ಬಂದು ಕರಗುತ್ತವೆ. ಅತಿಥಿಗಳಲ್ಲಿ ರುಚಿ ಬಲ್ಲವನು ಜನರಲ್ ಲೊವೆನ್‌ಹೆಲ್ಮ್ ಒಬ್ಬನೇ. ಅವನು ಪ್ರತಿ ಲೋಟವನ್ನೂ ಗುರುತಿಸುತ್ತಾನೆ, ಬೆರಗಾಗುತ್ತಾನೆ; 1860ರ ವವ್ ಕ್ಲಿಕೊ ಎಂದು ಉದ್ಗರಿಸಿದರೆ ಪಕ್ಕದವನು ಮುಗುಳ್ನಕ್ಕು ಹವಾಮಾನದ ಮಾತೆತ್ತುತ್ತಾನೆ. ಸವಿಯುವ ಬಳಗ ಹೆಸರರಿಯದು, ಹೆಸರು ಬಲ್ಲವನಿಗೆ ಬಳಗವಿಲ್ಲ. ಕಥೆಯ ಹಾಸ್ಯ ಹುಟ್ಟುವುದೂ ಇಲ್ಲಿಯೇ, ಅದರ ನೋವು ಹುಟ್ಟುವುದೂ ಇಲ್ಲಿಯೇ.

ಅಮೆರಿಕದ ಜಾನಪದ ವಿದ್ವಾಂಸ ರಿಚರ್ಡ್ ಬಾಮನ್ 1970ರ ದಶಕದಲ್ಲಿ ರೂಪಿಸಿದ ಪ್ರದರ್ಶನ ಸಿದ್ಧಾಂತ ಇಲ್ಲಿ ಉಪಯುಕ್ತವಾಗುತ್ತದೆ. ಅವರ ಪ್ರಕಾರ ಪ್ರದರ್ಶಕನು ತನ್ನ ನೈಪುಣ್ಯದ ಹೊಣೆಯನ್ನು ಶ್ರೋತೃಗಳ ಎದುರು ಹೊರುತ್ತಾನೆ. ಅಳೆಯುವ ಹಕ್ಕು ಶ್ರೋತೃಗಳದು. ಸೋಬಾನೆ ಹಾಡುವವಳಿಗೆ ಸೊಲ್ಲು ಹಿಡಿಯುವ ಮೇಳ ಬೇಕೆಂಬುದನ್ನು ಕ್ಷೇತ್ರಕಾರ್ಯ ಮಾಡಿದ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಬ್ಯಾಬೆಟ್‌ಳ ಪಂಕ್ತಿಯಾದರೋ ಅಳೆಯುವುದಿಲ್ಲವೆಂದು ಆಣೆಯಿಟ್ಟ ಪಂಕ್ತಿ. ಜನರಲ್ ಮಾತ್ರ, ಪ್ಯಾರಿಸ್ಸಿನ ಕಫೆ ಆಂಗ್ಲೆಯಲ್ಲಿದ್ದ ಮಹಿಳಾ ಪಾಕಪ್ರವೀಣೆಯೊಬ್ಬಳನ್ನು ಗೆಲಿಫೆ ಎಂಬ ಸೇನಾಧಿಕಾರಿ ಹೊಗಳಿದ್ದನ್ನು ಸ್ಮರಿಸುತ್ತಾನೆ. ಆ ಪ್ರವೀಣೆಯೇ ಗೋಡೆಯಾಚೆ ಒಲೆಯ ಮುಂದಿದ್ದಾಳೆಂಬುದು ಅವನಿಗೆ ಕೊನೆಯವರೆಗೂ ತಿಳಿಯುವುದಿಲ್ಲ. ಅವನು ದೈವಕೃಪೆಯ ಮೇಲೆ ಭಾಷಣ ಮಾಡಿ ಹೊರಟುಹೋಗುತ್ತಾನೆ. ವಿಮರ್ಶಕರು ಆ ಭಾಷಣವನ್ನೇ ಕಥೆಯ ತಾತ್ಪರ್ಯವೆಂದು ಹಿಡಿದಿರುವುದು ಅವಸರದ ತೀರ್ಮಾನ. ಅಡುಗೆಯವಳನ್ನು ಕಾಣದವನ ಮಾತು ಅದು.

ಗೆಲಿಫೆ ಇತಿಹಾಸದ ವ್ಯಕ್ತಿ; ಕಮ್ಯೂನನ್ನು ಕ್ರೂರವಾಗಿ ಹತ್ತಿಕ್ಕಿದ ಸೇನಾನಿ. ಬ್ಯಾಬೆಟ್‌ಳ ಮನೆಯವರು ಗುಂಡಿಗೆ ಬಲಿಯಾದದ್ದು ಅವನ ಪಕ್ಷದಿಂದ. ಆದರೂ ಔತಣ ಮುಗಿದ ಮೇಲೆ ಅವಳು ಶೋಕಿಸುವುದು ಆ ಶ್ರೀಮಂತ ಪರಿವಾರಕ್ಕಾಗಿ: ಅವರು ಕೆಟ್ಟವರು, ಆದರೆ ತನ್ನವರು, ತನ್ನ ಕಲೆಯನ್ನು ಅರಿಯುವಂತೆ ತಯಾರಾದ ನಾಲಗೆಗಳು ಅವರವೇ. ಶತ್ರುಗಳೇ ರಸಿಕರು, ಮಿತ್ರರು ಅರಸಿಕರು. ಈ ಇಕ್ಕಟ್ಟನ್ನು ಕೃಪೆಯ ವ್ಯಾಖ್ಯಾನ ಬಿಡಿಸಲಾರದು, ಕಥೆಗಾರ್ತಿಯೂ ಬಿಡಿಸಿಲ್ಲ. ಹತ್ತು ಸಾವಿರ ಫ್ರಾಂಕೂ ಮುಗಿದುಹೋಯಿತು, ಕಫೆ ಆಂಗ್ಲೆಯಲ್ಲಿ ಹನ್ನೆರಡು ಮಂದಿಯ ಊಟಕ್ಕೆ ಅಷ್ಟೇ ತಗಲುತ್ತಿತ್ತು ಎಂದು ಬ್ಯಾಬೆಟ್ ತಣ್ಣಗೆ ಲೆಕ್ಕ ಒಪ್ಪಿಸುತ್ತಾಳೆ. ತನ್ನನ್ನು ಬಡತನಕ್ಕೆ ದೂಡಿಕೊಂಡಳೆಂದು ಮಾರ್ಟಿನ್ ಮರುಗಿದರೆ, ಕಲಾವಿದೆ ಎಂದೂ ಬಡವಳಲ್ಲ ಎಂಬರ್ಥದ ಉತ್ತರ ಬರುತ್ತದೆ. ಕೊನೆಗೆ ಫಿಲಿಪಾ ಅವಳನ್ನು ತಬ್ಬಿಕೊಂಡು, ಸ್ವರ್ಗದಲ್ಲಿ ಅವಳ ಕಲೆ ದೇವದೂತರನ್ನು ಮರುಳುಗೊಳಿಸುತ್ತದೆಂದು ಸಂತೈಸುತ್ತಾಳೆ. ಒಂದು ಕಾಲದಲ್ಲಿ ಫಿಲಿಪಾಳ ಕಂಠಕ್ಕೆ ಮಾರುಹೋಗಿದ್ದ ಗಾಯಕ ಅವಳಿಗೇ ಬರೆದ ಮಾತು ಅದು. ಅದರಲ್ಲಿ ಆ ರಾತ್ರಿಯ ಯಾವ ಖಾದ್ಯದ ಹೆಸರೂ ಇಲ್ಲ, ಯಾವ ಸೀಸೆಯ ವರ್ಷವೂ ಇಲ್ಲ.