ಗಾಜು ಒರಿಜಿನಲ್, ಅಂಟು ಯಾವುದು?

ನಮ್ಮ ಕಡೆ ಕಾರಿನ ಮುಂದಿನ ಗಾಜು ಬದಲಿಸಿದೆ ಅಂದರೆ ಜನ ಕೇಳೋದು ಎರಡೇ ಪ್ರಶ್ನೆ. ‘ಕಂಪನಿದೋ, ಡುಪ್ಲಿಕೇಟೋ?’ ಮತ್ತು ‘ಎಷ್ಟ ತಗೊಂಡ್ರು?’ ಯಾವ ಅಂಟು ಹಾಕಿದ್ರು, ಎಷ್ಟು ತಾಸು ಗಾಡಿ ನಿಲ್ಲಿಸಿಕೊಂಡ್ರು ಅಂತ ಯಾರೂ ಕೇಳಲ್ಲ. ಬೆಂಗಳೂರಿನ ನನ್ನ ಆಫೀಸಿನ ಗೆಳೆಯರೂ ಕೇಳಲ್ಲ. ನಾನೂ ಕೇಳಿರಲಿಲ್ಲ.

ದೀಪಾವಳಿಗೆ ಊರಿಗೆ ಹೋಗಿದ್ದೆ. ಹಾನಗಲ್ ಹತ್ತಿರದ ನಮ್ಮ ಹಳ್ಳಿಯಿಂದ ಸವಣೂರಿನ ಅಕ್ಕನ ಮನೆಗೆ ಹೊರಟಾಗ, ಶಿಗ್ಗಾವಿ ಸಮೀಪ ಹೈವೇ ಮೇಲೆ ಖಡಿ ತುಂಬಿದ ಟಿಪ್ಪರೊಂದು ಮುಂದೆ ಹೋಗ್ತಿತ್ತು. ಮೇಲೆ ತಾಡಪಾಲು ಇಲ್ಲ. ‘ಟಪ್’ ಅಂತು. ಗಾಜಿನ ಮೇಲೆ ಗೋವಿನಜೋಳದ ಕಾಳಿನಷ್ಟು ಚುಕ್ಕೆ. ಅಷ್ಟೇ ಅಲ್ಲ ಅಂತ ಬಿಟ್ಟೆ. ಅದೇ ನನ್ನ ಮೊದಲ ತಪ್ಪು. ಆ ಹಂತದಲ್ಲಿ ರೆಸಿನ್ ತುಂಬಿ, ಯುವಿ ಬೆಳಕು ಹಿಡಿದು ಗಟ್ಟಿ ಮಾಡಿದ್ದರೆ ಹೊಸ ಗಾಜಿನ ಬೆಲೆಯ ಸಣ್ಣ ಪಾಲಿನಲ್ಲಿ ಮುಗೀತಿತ್ತು. ಮರುದಿನ ಬೆಳಿಗ್ಗೆ ಚಳಿಗೆ ಗಾಜು ಮಂಜಾಗಿತ್ತು, ಹೀಟರ್ ಹಾಕಿದೆ. ಹೊರಗೆ ತಂಪು, ಒಳಗೆ ಬಿಸಿ. ನೋಡನೋಡ್ತಾ ಬಿರುಕು ಒಂದು ಗೇಣು ಓಡಿತು.

ಸಂಜೆ ಹಿರೇಕೆರೂರಿನಲ್ಲಿ ನೆಂಟರ ನಿಶ್ಚಿತಾರ್ಥ. ದಾರಿಯಲ್ಲೊಂದು ಗ್ಲಾಸ್ ಅಂಗಡಿ ಸಿಕ್ಕಿತು. ಯಾವ ಊರು, ಯಾರ ಅಂಗಡಿ ಅನ್ನೋದು ಬೇಡ.

‘ಎಷ್ಟೊತ್ತು ಆಕ್ಕೇತ್ರಿ ಕಾಕಾ?’

‘ಎರಡು ತಾಸಿನ್ಯಾಗ ಕೊಡ್ತೇನ್ರಿ ಸರ್. ಆರಾಮ ಹಿರೇಕೆರೂರು ಮುಟ್ತೀರಿ.’

‘ಒಂದೂವರೆ ತಾಸಿನ್ಯಾಗ ಆಗಂಗಿಲ್ಲೇನ್ರಿ?’ ಅಂದವನು ನಾನೇ. ಆಗಿಯೇ ಹೋಯ್ತು. ಗಾಜು ಕಂಪನಿಯದೇ, ಮೂಲೆಯಲ್ಲಿ ಮಾರ್ಕೂ ಇತ್ತು. ಹಳೇ ಅಂಟನ್ನು ಚಾಕುವಿನಿಂದ ಕೆರೆದು, ಪ್ರೈಮರ್ ಹಚ್ಚದೆ, ಸಿಲಿಕೋನ್ ಟ್ಯೂಬ್ ಹಿಂಡಿ ಕೂಡಿಸಿದರು. ಅಪ್ಪನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಎಂಬತ್ತರಲ್ಲಿ ಓಡಿಸಿದೆ.

ಮಳೆಗಾಲ ಬಂದಾಗ ಡ್ಯಾಶ್‌ಬೋರ್ಡ್ ಕೆಳಗೆ ನೀರು ತೊಟ್ಟಿಕ್ಕಿ ಅಪ್ಪನ ಧೋತರದ ಅಂಚು ಒದ್ದೆ. ಹುಬ್ಬಳ್ಳಿಯಲ್ಲಿ ತೋರಿಸಿದೆ. ಹುಡುಗ ಹೆಬ್ಬೆರಳಿನಿಂದ ಒತ್ತಿದ, ಗಾಜಿನ ಮೂಲೆ ಎದ್ದು ಬಂತು. ‘ಇಷ್ಟ ದಿನಾ ಹೆಂಗ ನಿಂತಿತ್ರಿ ಇದು?’ ಅಂದ.

ಸೋರುವುದು ಸಣ್ಣ ವಿಷಯ. ಮುಂದಿನ ಗಾಜು ಅಂದರೆ ಬರೀ ಗಾಳಿ ತಡೆಯೋ ಕಿಟಕಿ ಅಲ್ಲ. ಎರಡು ಗಾಜಿನ ಹಾಳೆಗಳ ನಡುವೆ ಪಿವಿಬಿ ಎಂಬ ಪ್ಲಾಸ್ಟಿಕ್ ಪದರ ಇಟ್ಟು ಒತ್ತಿದ್ದು ಅದು. ಒಡೆದರೂ ಚೂರು ಮುಖಕ್ಕೆ ಹಾರಲ್ಲ. 1903ರಲ್ಲಿ ಫ್ರಾನ್ಸಿನ ಎಡ್ವಾರ್ ಬೆನೆಡಿಕ್ಟಸ್‌ಗೆ ಇದು ಹೊಳೆದಿದ್ದು, ಒಳಗೆ ಸೆಲ್ಯುಲೋಸ್ ನೈಟ್ರೇಟ್ ಒಣಗಿ ಅಂಟಿದ್ದ ಫ್ಲಾಸ್ಕೊಂದು ಕೆಳಗೆ ಬಿದ್ದೂ ಚೂರಾಗದೆ ಉಳಿದಾಗ. ನಮ್ಮ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮ ಮುಂದಿನ ಗಾಜು ಲ್ಯಾಮಿನೇಟೆಡ್ ಆಗಿರಬೇಕು ಅನ್ನುತ್ತೆ. ಈಗಿನ ಕಾರುಗಳಲ್ಲಿ ಅದನ್ನು ಯುರೆಥೇನ್ ಅಂಟಿನಿಂದ ಬಾಡಿಗೇ ಬೆಸೆದಿರುತ್ತಾರೆ. ಗಾಡಿ ಪಲ್ಟಿಯಾದರೆ ಛಾವಣಿಯ ಭಾರದಲ್ಲಿ ಇದಕ್ಕೂ ಪಾಲಿದೆ. ಪಕ್ಕದ ಸೀಟಿನ ಏರ್‌ಬ್ಯಾಗ್ ಬಿಚ್ಚುವಾಗ ಬಹಳಷ್ಟು ಕಾರುಗಳಲ್ಲಿ ಮೊದಲು ಈ ಗಾಜಿಗೆ ಬಡಿದು, ಅದನ್ನೇ ಗೋಡೆ ಮಾಡಿಕೊಂಡು ನಿಲ್ಲುತ್ತದೆ. ಗಾಜು ಹೊರಗೆ ಹಾರಿದರೆ ಬ್ಯಾಗ್ ಯಾವುದಕ್ಕೆ ಒರಗಬೇಕು? 2021ರಿಂದ ಹೊಸ ಕಾರುಗಳಲ್ಲಿ ಆ ಏರ್‌ಬ್ಯಾಗ್ ಕಡ್ಡಾಯ. ನನ್ನ ಕಾರಿನಲ್ಲೂ ಇದೆ. ಅಪ್ಪ ಆ ಇಡೀ ಚಳಿಗಾಲ, ಬೇಸಿಗೆ ಕೂತಿದ್ದು ಅದರ ಎದುರೇ.

ಸಿಟ್ಟು ಬಂತು. ಮುಂದಿನ ಸಲ ಊರಿಗೆ ಹೋದಾಗ ಕಾಕಾನ ಹತ್ತಿರ ಜಗಳಕ್ಕೇ ಹೋದೆ. ಅವರು ಶಾಂತವಾಗಿ ಹೇಳಿದರು: ‘ಆ ಅಂಟಿಗೆ ರೊಕ್ಕಾ ಜಾಸ್ತಿ, ಗಾಡಿ ನಾಳೆ ಕೊಡ್ತೇನಿ ಅಂದ್ರ ಯಾರ ನಿಲ್ತಾರ್ರಿ? ನೀವ ಒಂದೂವರೆ ತಾಸು ಅಂದಿದ್ರಿ.’

ಅವರು ಕೈಗೆಲಸ ಕಲಿತದ್ದು ಅಂಬಾಸಡರ್, ಲಾರಿ, ಬಸ್ಸುಗಳ ಕಾಲದಲ್ಲಿ. ಆಗ ಗಾಜು ಕೂರುತ್ತಿದ್ದುದು ರಬ್ಬರ್ ಬೀಡಿಂಗ್‌ನಲ್ಲಿ. ಬೀಡಿಂಗ್ ಸಂದಿಯಲ್ಲಿ ಹುರಿ ಇಟ್ಟು, ಒಬ್ಬ ಹೊರಗಿನಿಂದ ಗಾಜು ಒತ್ತಿ, ಇನ್ನೊಬ್ಬ ಒಳಗಿನಿಂದ ಹುರಿ ಎಳೆದರೆ ಗಾಜು ಲಕ್ ಅಂತ ಕೂರೋದು. ಕೂಡಿಸಿದ ತಕ್ಷಣ ಗಾಡಿ ಹೊರಡಬಹುದಿತ್ತು. ಆ ಕೆಲಸದಲ್ಲಿ ಅವರನ್ನು ಮೀರಿಸೋರು ಇವತ್ತಿಗೂ ಕಡಿಮೆ. ಕಾರು ಬದಲಾಯಿತು, ಕಾರು ಮಾರಿದವರು ತಾಲೂಕಿನ ತನಕ ಬಂದರು, ಅಂಟು ಹಾಕೋದನ್ನು ಕಲಿಸೋರು ಬರಲಿಲ್ಲ. ಹಾಗಂತ ಕಾಕಾನ ತಪ್ಪೇ ಇಲ್ಲ ಅಂತಲ್ಲ. ಸಿಲಿಕೋನ್ ನೀರು ತಡೆಯೋಕೆ, ಭಾರ ಹಿಡಿಯೋಕಲ್ಲ ಅನ್ನೋದು ಅವರಿಗೆ ಗೊತ್ತಿತ್ತು ಅಂತಲೇ ನನ್ನ ಗುಮಾನಿ.

ಕಾರ್ ರಿವ್ಯೂ ಮಾಡೋ ನಮ್ಮ ಯೂಟ್ಯೂಬ್ ಪಂಡಿತರೂ ಕಮ್ಮಿಯೇನಲ್ಲ. ಗಾಜಿನ ಬ್ರ್ಯಾಂಡು, ಬಿಸಿಲು ತಡೆಯೋ ಕೋಟಿಂಗು ಅಂತ ಇಪ್ಪತ್ತು ನಿಮಿಷ ಮಾತಾಡ್ತಾರೆ, ಅಂಟು ಒಣಗೋ ಹೊತ್ತಿನ ಬಗ್ಗೆ ಇಪ್ಪತ್ತು ಸೆಕೆಂಡ್ ಇಲ್ಲ. ಇನ್ಶೂರೆನ್ಸ್ ವಿಷಯದಲ್ಲೂ ಅಷ್ಟೆ. ‘ನಂದು ಝೀರೋ ಡೆಪ್, ಚಿಂತೆಯಿಲ್ಲ’ ಅನ್ನೋ ಗೆಳೆಯರೇ, ಸಾಮಾನ್ಯ ಕಾಂಪ್ರಹೆನ್ಸಿವ್ ಪಾಲಿಸಿಯಲ್ಲೂ ಗಾಜಿಗೆ ಸವಕಳಿ ಹಿಡಿಯಲ್ಲ. ನಿಜವಾದ ಲೆಕ್ಕ ಬೇರೆ ಇದೆ. ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗಬಹುದು, ಅದು 20ರಿಂದ 50 ಪರ್ಸೆಂಟ್. ಅದನ್ನು ಉಳಿಸೋ ಆ್ಯಡ್-ಆನ್ ಇದೆಯಾ ನೋಡಿಕೊಂಡು ಕ್ಲೇಮ್ ಮಾಡಿ.

ಹುಬ್ಬಳ್ಳಿಯಲ್ಲಿ ಎರಡನೇ ಸಲ ಹಾಕಿಸುವಾಗ ಗಾಡಿ ರಾತ್ರಿ ಅಲ್ಲೇ ಬಿಟ್ಟೆ. ಯುರೆಥೇನ್ ಒಂದು ತಾಸಿಗೂ ಗಟ್ಟಿಯಾಗಬಹುದು, ಒಂದು ದಿನವೂ ಬೇಕಾಗಬಹುದು. ಅಂಟು ಯಾವುದು, ಹವೆ ಎಂಥದ್ದು ಅನ್ನೋದರ ಮೇಲೆ ಇದೆ. ಟ್ಯೂಬ್ ಮೇಲೆ ಬರೆದಿರುತ್ತೆ, ಓದಿಸಿದೆ. ಬಾಗಿಲು ಜೋರಾಗಿ ಹಾಕಬೇಡಿ, ಕಿಟಕಿ ಒಂದು ಬೆರಳು ಇಳಿಸಿಡಿ, ಎರಡು ದಿನ ವಾಟರ್ ವಾಶ್ ಬೇಡ ಅಂದರು. ಗಾಜಿನ ಹಿಂದೆ ಕ್ಯಾಮೆರಾ ಇರೋ ಹೊಸ ಕಾರಾದರೆ ಅದನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಿಸಬೇಕಂತೆ, ನನ್ನದರಲ್ಲಿ ಆ ಭಾಗ್ಯ ಇಲ್ಲ. ಫಾಸ್ಟ್ಯಾಗ್ ಹಳೇ ಗಾಜಿನ ಜೊತೆಗೇ ಹೋಯ್ತು. ಕಿತ್ತರೆ ಅದು ಕೆಲಸ ಮಾಡಲ್ಲ ಅನ್ನೋದು ಟೋಲ್‌ನಲ್ಲಿ ಡಬಲ್ ಕಟ್ಟಿದ ಮೇಲೆ ಗೊತ್ತಾಯ್ತು.

ಈಗ ಸವಣೂರಿಗೆ ಹೋಗುವಾಗ ಖಡಿ ಟಿಪ್ಪರ್ ಕಂಡರೆ ನೂರು ಮೀಟರ್ ಹಿಂದೆ ಉಳೀತೀನಿ. ಅಪ್ಪನದು ಅದೇ ತಕರಾರು: ‘ದಾಟಿಸಿಕೊಂಡ ಹೋಗೋ ತಮ್ಮಾ, ಊಟದ ಹೊತ್ತಾತು.’