ತಿಹಾರದ ಬಾಗಿಲಿನಾಚೆ

ಐವತ್ತೆರಡು ನಿಮಿಷಗಳ ಒಂದು ಸಾಕ್ಷ್ಯಚಿತ್ರವನ್ನು ಕುರಿತು ಇಲ್ಲಿ ನಾಲ್ಕು ಮಾತು ಹೇಳಬಯಸುತ್ತೇವೆ. ಅಯೆಲೆಟ್ ಮೆನಾಹೆಮಿ ಮತ್ತು ಐಲೋನಾ ಏರಿಯಲ್ ಎಂಬ ಇಸ್ರೇಲಿನ ಇಬ್ಬರು ಮಹಿಳೆಯರು ದಿಲ್ಲಿಯ ತಿಹಾರ್ ಸೆರೆಮನೆಯನ್ನು ಕುರಿತು 1997ರಲ್ಲಿ ತಯಾರಿಸಿದ 'ಡೂಯಿಂಗ್ ಟೈಮ್, ಡೂಯಿಂಗ್ ವಿಪಸ್ಸನಾ' ಎಂಬುದೇ ಆ ಚಿತ್ರ. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೊ ಚಿತ್ರೋತ್ಸವದಲ್ಲಿ ಅದಕ್ಕೆ 'ಗೋಲ್ಡನ್ ಸ್ಪೈರ್' ಪ್ರಶಸ್ತಿ ಲಭಿಸಿತು. ಚಿತ್ರ ಹಳೆಯದಾದರೂ ಅದು ಎತ್ತಿದ ಪ್ರಶ್ನೆ ಹಳೆಯದಾಗಿಲ್ಲ. ಆದ್ದರಿಂದ ಅದರ ಗುಣವನ್ನೂ ಕೊರತೆಯನ್ನೂ ತೂಗಿ ನೋಡುವುದು ಅನುಚಿತವಾಗಲಾರದು.

1993ರಿಂದ 1995ರವರೆಗೆ ಕಿರಣ್ ಬೇಡಿಯವರು ತಿಹಾರದ ಮುಖ್ಯಾಧಿಕಾರಿಯಾಗಿದ್ದರು. 1975ರಲ್ಲಿ ಜೈಪುರದ ಸೆರೆಮನೆಯಲ್ಲಿ ಗೋಯಂಕಾ ಅವರು ಮೊದಲು ನಡೆಸಿದ್ದ ಹತ್ತು ದಿನಗಳ ಮೌನ ಧ್ಯಾನಶಿಬಿರವನ್ನು ಬೇಡಿಯವರು ತಿಹಾರಕ್ಕೆ ತಂದರು. 1994ರ ಏಪ್ರಿಲ್‌ನಲ್ಲಿ ಸುಮಾರು ಸಾವಿರ ಮಂದಿ ಕೈದಿಗಳು ಒಟ್ಟಿಗೆ ಕುಳಿತರು. ಶಿಬಿರ ಮುಗಿದಾಗ ಕೈದಿಗಳು ಅಧಿಕಾರಿಗಳನ್ನು ತಬ್ಬಿ ಅಳುವ ದೃಶ್ಯವನ್ನು ಕಂಡು ಮನ ಕರಗದವರು ವಿರಳ. ಅಬ್ಬರದ ಸಂಗೀತವಿಲ್ಲ, ಉಪದೇಶವಿಲ್ಲ; ಮುಖಗಳೇ ಮಾತನಾಡುತ್ತವೆ. ಕೈದಿಯನ್ನು ಮನುಷ್ಯನೆಂದು ಕಾಣುವಂತೆ ಮಾಡಿದ್ದಕ್ಕಾಗಿ ಈ ಚಿತ್ರಕ್ಕೆ ನಾವು ಋಣಿಗಳು.

ಆದರೆ ಕ್ಯಾಮೆರಾ ಬಹುಪಾಲು ಗೋಡೆಯ ಒಳಗೇ ನಿಂತಿದೆ ಎಂಬುದು ನಮ್ಮ ಆಕ್ಷೇಪಣೆ. ಆ ಕಣ್ಣೀರಿನ ಮನುಷ್ಯ ಒಂದು ಸಂಜೆ ಕೈಯಲ್ಲಿ ಬಟ್ಟೆಯ ಗಂಟು ಹಿಡಿದು ಹೊರಬಂದಾಗ ಏನಾಗುತ್ತದೆ? ಅದರಲ್ಲಿಯೂ ಸ್ಮ್ಯಾಕ್ ಅಥವಾ ಬ್ರೌನ್ ಶುಗರ್ ಚಟಕ್ಕೆ ಬಿದ್ದು ಒಳಗೆ ಹೋದವನ ಗತಿಯೇನು? ಈ ಪ್ರಶ್ನೆಗೆ ಚಿತ್ರದಲ್ಲಿ ಸಮರ್ಪಕವಾದ ಉತ್ತರ ಸಿಗುವುದಿಲ್ಲ.

ಇದು ಕೇವಲ ಕಲೆಯ ಕೊರತೆಯಲ್ಲ, ಪ್ರಾಣದ ಪ್ರಶ್ನೆ. ತಿಂಗಳುಗಟ್ಟಲೆ ಮಾದಕವಸ್ತು ಮುಟ್ಟದಿದ್ದಾಗ ದೇಹ ಅದನ್ನು ತಾಳುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಹೊರಬಂದವನು ಹಳೆಯ ಗೆಳೆಯರ ನಡುವೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆಯಾದ 30,237 ಮಂದಿಯನ್ನು ಕುರಿತ ಅಧ್ಯಯನವೊಂದು 2007ರಲ್ಲಿ ಪ್ರಕಟವಾಯಿತು. ಮೊದಲ ಎರಡು ವಾರಗಳಲ್ಲಿ ಅವರ ಸಾವಿನ ಅಪಾಯ ಅಲ್ಲಿನ ಇತರ ನಿವಾಸಿಗಳಿಗಿಂತ 12.7 ಪಟ್ಟು ಹೆಚ್ಚೆಂದೂ, ಮಾದಕವಸ್ತುವಿನ ಅತಿಸೇವನೆಯೇ ಅದಕ್ಕೆ ಮುಖ್ಯ ಕಾರಣವೆಂದೂ ಅದು ತೋರಿಸಿತು.

ಹಾಗೆಂದು ಧ್ಯಾನ ವ್ಯರ್ಥವೆಂದು ನಾವು ಹೇಳುತ್ತಿಲ್ಲ. ಸಿಯಾಟಲ್‌ನ ಒಂದು ಸೆರೆಮನೆಯಲ್ಲಿ ಇದೇ ಶಿಬಿರ ಮುಗಿಸಿದವರು ಬಿಡುಗಡೆಯ ಮೂರು ತಿಂಗಳ ಅನಂತರ ಮದ್ಯ, ಗಾಂಜಾ, ಕ್ರ್ಯಾಕ್ ಕೊಕೇನುಗಳನ್ನು ಇತರರಿಗಿಂತ ಕಡಿಮೆ ಬಳಸಿದರೆಂದು 2006ರ ಅಧ್ಯಯನವೊಂದು ತಿಳಿಸಿತು. ಆದರೆ ಶಿಬಿರ ಸೇರಿದವರು ತಾವಾಗಿಯೇ ಮುಂದೆ ಬಂದವರು. ಹಲವರು ಆಮೇಲೆ ಸಂಪರ್ಕಕ್ಕೇ ಸಿಗಲಿಲ್ಲ. ಅಫೀಮು ಜಾತಿಯ ಚಟಕ್ಕೆ ಮನೋಬಲದ ಜೊತೆಗೆ ಔಷಧವೂ ಬೇಕು. ನಾಲಗೆಯಡಿ ಇಡುವ ಬ್ಯುಪ್ರೆನಾರ್ಫಿನ್ ಮಾತ್ರೆಯ ಚಿಕಿತ್ಸೆ 2008ರಲ್ಲಿ ತಿಹಾರದಲ್ಲಿಯೇ ಆರಂಭವಾಯಿತು. ಸ್ಕಾಟ್ಲೆಂಡಿನಲ್ಲಿ 2011ರಿಂದ, ಅತಿಸೇವನೆಯಾದಾಗ ಜೀವ ಉಳಿಸುವ ನಲಾಕ್ಸೋನ್ ಔಷಧವನ್ನು ಬಿಡುಗಡೆಯಾಗುವವರ ಕೈಗೇ ಕೊಟ್ಟು ಕಳುಹಿಸುವ ಏರ್ಪಾಡು ನಡೆದು ಬಂದಿದೆ. ಒಳಗಿನ ಔಷಧ ಹೊರಗೂ ಮುಂದುವರಿಯಬೇಕು. ಗೇಟಿನಲ್ಲಿ ಅದು ಕಡಿದುಹೋದರೆ ಪಟ್ಟ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ನಮ್ಮ ಕಾನೂನಿನಲ್ಲಿಯೂ ದಾರಿಯಿದೆ. 1985ರ ಮಾದಕವಸ್ತು ಕಾಯಿದೆಯ 39ನೆಯ ಕಲಮಿನಂತೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ಅಪರಾಧಕ್ಕೆ ಗುರಿಯಾದ ವ್ಯಸನಿಯನ್ನು, ಅವನ ಒಪ್ಪಿಗೆ ಪಡೆದು, ಸೆರೆಗೆ ಕಳುಹಿಸುವ ಬದಲು ಚಿಕಿತ್ಸೆಗೆ ಬಿಡುವ ಅಧಿಕಾರ ನ್ಯಾಯಾಲಯಕ್ಕಿದೆ. ವಕೀಲರನ್ನು ಕಾಣುವ ಮನೆಯವರು ಇದನ್ನು ಕೇಳಿಯೇ ತಿಳಿಯಬೇಕು.

ಕೊನೆಗೆ ನಮ್ಮ ಸಂಸಾರಗಳ ಮಾತು. ಪರಊರಿನಲ್ಲಿ ಎರಡು ಕೋಣೆಯ ಮನೆ ಮಾಡಿಕೊಂಡು ಮಾನಕ್ಕೆ ಅಂಜಿ ಬಾಳುವವರು ನಾವು. ಮನೆಯ ಹುಡುಗನೊಬ್ಬ ಹೀಗೆ ದಾರಿ ತಪ್ಪಿದರೆ, 'ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾನೆ' ಎಂದು ನೆಂಟರಿಗೆ ಹೇಳುತ್ತೇವೆ. ಅವನು ಹಿಂದಿರುಗಿದಾಗ, 'ಇಷ್ಟು ದಿನ ಮುಟ್ಟಿಲ್ಲ, ಇನ್ನು ಬಿಟ್ಟ ಹಾಗೆಯೇ' ಎಂದು ನಂಬುತ್ತೇವೆ. ಇಲ್ಲವೇ ಊರಿನಲ್ಲಿರುವ ದೊಡ್ಡಪ್ಪನ ಮನೆಗೆ ಸಾಗಹಾಕುತ್ತೇವೆ. ಎರಡೂ ತಪ್ಪು. ಊರಿಗೆ ಕಳುಹಿಸುವುದೇ ಆದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ವಿಭಾಗವಿದೆ ಎಂಬುದು ನೆನಪಿರಲಿ. ಆ ಮೊದಲ ಎರಡು ವಾರ ಅವನನ್ನು ಒಂಟಿಯಾಗಿ ಬಿಡಬಾರದು, ಬೈದು ಹೊರಗಟ್ಟಬಾರದು, ವೈದ್ಯರಲ್ಲಿಗೆ ಜೊತೆಯಲ್ಲಿಯೇ ಕರೆದೊಯ್ಯಬೇಕು.

ಈ ಚಿತ್ರವನ್ನು ಸಂಘದ ಬಂಧುಗಳು ಅಗತ್ಯವಾಗಿ ನೋಡಲಿ. ನೋಡಿ ಕಣ್ಣೊರೆಸಿಕೊಂಡ ಮೇಲೆ, ಅದು ತೋರಿಸದೆ ಬಿಟ್ಟ ಆ ಸಂಜೆಯನ್ನು ಕುರಿತು ಮನೆಮಂದಿಯೆಲ್ಲ ಕುಳಿತು ಒಂದಿಷ್ಟು ಮಾತನಾಡಲಿ.