ಬಸವನಗುಡಿಯ ನೆತ್ತಿಯ ಮೇಲಿನ ಗೆಲಾಕ್ಸಿ

ಸಿಂಹ ರಾಶಿಯ ದಿಕ್ಕಿನಲ್ಲಿರುವ ಮೆಸಿಯೆ 95 ಎಂಬ ಗೆಲಾಕ್ಸಿ ಭೂಮಿಯಿಂದ ಸುಮಾರು 3.3 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ಬೆಳಕು ಒಂದು ವರ್ಷದಲ್ಲಿ ಕ್ರಮಿಸುವ ದೂರವೇ ಜ್ಯೋತಿರ್ವರ್ಷವಾದ್ದರಿಂದ, ಇಂದು ಕಣ್ಣಿಗೆ ತಲುಪುವ ಅದರ ಬೆಳಕು ಅಷ್ಟು ವರ್ಷಗಳ ಹಿಂದೆ ಹೊರಟದ್ದು. ಭೂಮಿಯ ಸಮಭಾಜಕವೃತ್ತವನ್ನು ಆಕಾಶಕ್ಕೆ ಚಾಚಿದರೆ ದೊರೆಯುವ ವೃತ್ತದಿಂದ ಈ ಗೆಲಾಕ್ಸಿ ಉತ್ತರಕ್ಕೆ ಸುಮಾರು ಹನ್ನೊಂದೂವರೆ ಡಿಗ್ರಿಯಲ್ಲಿದೆ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಅಕ್ಷಾಂಶ ಸುಮಾರು 13 ಡಿಗ್ರಿ. ಹೀಗಾಗಿ ಅದು ಈ ಬಡಾವಣೆಗಳ ನೆತ್ತಿಯ ಬಿಂದುವಿಗೆ ಒಂದೂವರೆ ಡಿಗ್ರಿಯಷ್ಟು ಸಮೀಪದಲ್ಲಿ ಹಾದುಹೋಗುತ್ತದೆ. ಮಹಡಿ ಮನೆಗಳು ದಿಗಂತವನ್ನು ಮರೆಮಾಡಿರುವ ಹಳೆಯ ಬೆಂಗಳೂರಿನಲ್ಲಿ ಉಳಿದಿರುವುದು ನೆತ್ತಿಯ ಆಕಾಶವೇ, ಮತ್ತು ನಗರದ ಬೆಳಕಿನ ಹೊಗರು ಅತಿ ಕಡಿಮೆ ಇರುವುದೂ ಅಲ್ಲಿಯೇ.

ಫ್ರಾನ್ಸಿನ ಪಿಯೇರ್ ಮೆಶೇನ್ 1781ರ ಮಾರ್ಚ್ 20ರಂದು ಇದನ್ನು ಕಂಡುಹಿಡಿದನು. ಚಾರ್ಲ್ಸ್ ಮೆಸಿಯೆ ಅದೇ ವಾರ ತನ್ನ ಆಕಾಶಕಾಯಗಳ ಯಾದಿಗೆ ಸೇರಿಸಿಕೊಂಡನು. ಇದು ಪಟ್ಟಿಯುಳ್ಳ ಸುರುಳಿ ಗೆಲಾಕ್ಸಿ: ಸುರುಳಿಯ ತೋಳುಗಳು ಕೇಂದ್ರದಿಂದಲೇ ಹೊರಡದೆ, ಕೇಂದ್ರದ ಮೂಲಕ ಹಾದ ನಕ್ಷತ್ರಗಳ ಉದ್ದನೆಯ ಪಟ್ಟಿಯ ಆಚೆಯಿಂದ ಬಿಚ್ಚಿಕೊಳ್ಳುತ್ತವೆ. ಇಲ್ಲಿ ಪಟ್ಟಿಯ ಸುತ್ತ ಒಂದು ಬಳೆಯೂ ಇದೆ. ‘ಠ’ ಅಕ್ಷರದ ನಡುಚುಕ್ಕೆಯಿಂದ ಎರಡೂ ಕಡೆಗೆ ಗೆರೆಯೆಳೆದು ವೃತ್ತಕ್ಕೆ ಮುಟ್ಟಿಸಿದರೆ ಅದರ ಛಾಯಾಚಿತ್ರದ ರೂಪ ಸಿಗುತ್ತದೆ. ಆ ಚುಕ್ಕೆಯೊಳಗೆ, ಕೇಂದ್ರವನ್ನು ಸುತ್ತುವರಿದು, ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಇನ್ನೊಂದು ಕಿರುಬಳೆಯಿದೆ.

ಚಿತ್ರ ನೋಡುವವರೆಲ್ಲ ಬಳೆಗಳನ್ನು ಮೆಚ್ಚುತ್ತಾರೆ, ಆದರೆ ನಿಜವಾದ ಸ್ವಾರಸ್ಯವಿರುವುದು ಬಳೆಗೂ ಕೇಂದ್ರಕ್ಕೂ ನಡುವಿನ ಬರಿದಾದ ಜಾಗದಲ್ಲಿ. ಎಳೆಯ ನಕ್ಷತ್ರಗಳು ಅತಿನೇರಳೆ ಕಿರಣಗಳನ್ನು ಹೇರಳವಾಗಿ ಸೂಸುತ್ತವೆ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಪಾಲ್ಗೊಂಡು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ಆ ಕಿರಣಗಳೇ ಇಲ್ಲದ ಪೊಳ್ಳೊಂದನ್ನು ಇಲ್ಲಿ ಗುರುತಿಸಿ, ಅದರ ಅಳತೆ ಪಟ್ಟಿಯ ಉದ್ದಕ್ಕೆ, ಅಂದರೆ ಸುಮಾರು 13,700 ಜ್ಯೋತಿರ್ವರ್ಷಕ್ಕೆ, ಹೊಂದುವುದನ್ನು ತೋರಿಸಿತು. ಪಟ್ಟಿಯುದ್ದಕ್ಕೂ ಇರುವ ನಕ್ಷತ್ರಗಳಿಗೆ 35 ಕೋಟಿ ವರ್ಷ ಅಥವಾ ಅದಕ್ಕೂ ಹೆಚ್ಚು ವಯಸ್ಸಾಗಿದೆ, ಅಲ್ಲಿ ನಕ್ಷತ್ರ ಕಟ್ಟಲು ಬೇಕಾದ ಹೈಡ್ರೋಜನ್ ಇಲ್ಲ, ಕೇಂದ್ರದಲ್ಲಿ ಮಾತ್ರ ಅದು ಸಮೃದ್ಧವಾಗಿದೆ. ಪಟ್ಟಿಯ ಗುರುತ್ವವು ಅನಿಲವನ್ನು ಕಾಲುವೆಯ ನೀರಿನಂತೆ ಒಳಕ್ಕೆ ಹರಿಸಿ, ತನ್ನ ಆಸುಪಾಸಿನ ನೆಲವನ್ನು ಬಂಜರು ಮಾಡಿದೆ ಎಂಬ ವಿವರಣೆಗೆ ಇವೆಲ್ಲ ಒಪ್ಪುತ್ತವೆ. ಆಕಾಶಗಂಗೆಗೂ ಇಂಥದೇ ಪಟ್ಟಿಯಿರುವುದರಿಂದ ಇದು ಪರದೇಶದ ಸುದ್ದಿಯಲ್ಲ.



ಬಸವನಗುಡಿಯ ಕಹಳೆ ಬಂಡೆಯ ಮೇಲಿಂದ ಮೆಸಿಯೆ 95ರ ಮಸುಕು ಬೆಳಕನ್ನು ಹಿಡಿಯುವುದು ಕಷ್ಟ. ನಗರದ ದೀಪಗಳಿಂದ ದೂರ ಹೋದರೆ ಆರೆಂಟು ಅಂಗುಲದ ದೂರದರ್ಶಕದಲ್ಲಿ ನಡುವೆ ತುಸು ಹೊಳಪಿರುವ ದುಂಡನೆಯ ಮಂಜಿನಂತೆ ತೋರುತ್ತದೆ. ಯುಗಾದಿಯ ಹಿಂದಿನ ಅಮಾವಾಸ್ಯೆ ಇದಕ್ಕೆ ಹೇಳಿ ಮಾಡಿಸಿದ ರಾತ್ರಿ. ಸಿಂಹ ರಾಶಿಯ ಮಖಾ ನಕ್ಷತ್ರವೂ ಈ ಗೆಲಾಕ್ಸಿಯೂ ಆಕಾಶದಲ್ಲಿ ಪೂರ್ವ-ಪಶ್ಚಿಮವಾಗಿ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿವೆ. ಆದ್ದರಿಂದ ಸಿಂಹವು ಇನ್ನೂ ಪೂರ್ವದಲ್ಲಿರುವಾಗ, ಒಂದು ಡಿಗ್ರಿ ಅಗಲ ಕಾಣುವ ಕಣ್ಮಸೂರದಲ್ಲಿ ಮಖೆಯನ್ನು ನಡುವಿಗೆ ತಂದು, ದೂರದರ್ಶಕವನ್ನು ಅಲುಗಿಸದೆ ಮೂವತ್ತೈದೂವರೆ ನಿಮಿಷ ಕಾದರೆ, ಭೂಮಿಯ ತಿರುಗಾಟವೇ ಮೆಸಿಯೆ 95ನ್ನು ನೋಟದೊಳಕ್ಕೆ ತಂದಿಡುತ್ತದೆ. ಮೂರು ನಿಮಿಷದ ನಂತರ ನಡುವಿಗೆ ಬರುವ, ತುಸು ಹೆಚ್ಚು ಪ್ರಕಾಶದ ಗೆಲಾಕ್ಸಿ ಮೆಸಿಯೆ 96.